ಎರಡು ನೀರು

ಮನಸ್ಸು ದಣಿದವನಿಗೆ ನೀರನ್ನೂ ಹಸುರನ್ನೂ ತೋರಿಸಬೇಕೆಂಬುದು ಲೋಕದ ಹಳೆಯ ನಂಬಿಕೆ. ಜಗಳೂರಿನ ವೃದ್ಧ ಉಪಾಧ್ಯಾಯರೊಬ್ಬರಿಗೆ ಪತ್ನೀವಿಯೋಗವಾದಾಗ, ಚನ್ನಗಿರಿಯಲ್ಲಿದ್ದ ಮಗನು ಅವರನ್ನು ತನ್ನ ಮನೆಗೆ ಕರೆತಂದು, ವಾರಕ್ಕೆರಡು ಬಾರಿ ಸೂಳೆಕೆರೆಯ ಏರಿಯ ಮೇಲೆ ಕುಳ್ಳಿರಿಸಿದುದು ಈ ನಂಬಿಕೆಯಿಂದಲೇ.

ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಕಟ್ಟಿದ ಆ ಏರಿಯು ಉದ್ದದಲ್ಲಿ ಅಲ್ಪವೇ ಸರಿ. ಅದು ತಡೆದಿಟ್ಟಿರುವ ನೀರಾದರೋ ಆಚೆಯ ದಡ ಮಸುಕಾಗುವಷ್ಟು ವಿಸ್ತಾರವಾದುದು. ಶಾಂತವ್ವೆಯೆಂಬ ರಾಜಪುತ್ರಿಯು ತನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಇದನ್ನು ಕಟ್ಟಿಸಿದಳೆಂದೂ, ನೆಲವನ್ನು ಬಿಟ್ಟುಕೊಟ್ಟ ವೇಶ್ಯೆಯರು ತಮ್ಮ ಹೆಸರೇ ಕೆರೆಗೆ ನಿಲ್ಲಬೇಕೆಂದು ಕೇಳಿಕೊಂಡರೆಂದೂ ಐತಿಹ್ಯವುಂಟು. ಈಗ ಇದನ್ನು ಶಾಂತಿಸಾಗರವೆನ್ನುವುದು ರೂಢಿ. ಹೆಸರಿಗೆ ನಾಚಿದವರು ಕೊಟ್ಟ ಮಾತನ್ನೇ ಅಳಿಸಿದರೆಂಬುದು ಉಪಾಧ್ಯಾಯರ ಆಕ್ಷೇಪಣೆ, ಅದು ನ್ಯಾಯವಾದುದೇ.

“ತಂಪಾಗಿದೆಯಲ್ಲವೆ, ಅಪ್ಪಾ?” ಎಂದು ಮಗನು ಕೇಳಿದರೆ ಅವರು ಉತ್ತರ ಕೊಡುತ್ತಿರಲಿಲ್ಲ. ಬರದ ಸೀಮೆಯಲ್ಲಿ ನಾಲ್ವತ್ತು ವರ್ಷ ಸಂಸಾರ ನಡೆಸಿದ ಆಕೆ, ಬೇಸಗೆ ಬಂದಿತೆಂದರೆ ಬೆಳಗಿನ ಜಾವದಲ್ಲೇ ಕೊಡ ಹೊತ್ತು ದೂರದ ಬಾವಿಗೆ ನಡೆಯುತ್ತಿದ್ದಳು. ಉಪಾಧ್ಯಾಯರು ಆ ಕೊಡಕ್ಕೆ ಒಂದು ದಿನವೂ ಕೈಹಚ್ಚಿದವರಲ್ಲ. ಇಷ್ಟೊಂದು ನೀರು ಕಣ್ಣ ಮುಂದೆ ಸುಮ್ಮನೆ ತೆರೆಯಾಡುತ್ತಿದ್ದುದು ಅವರಿಗೆ ಸಾಂತ್ವನವಾಗುವುದಾದರೂ ಹೇಗೆ? ಮೂರನೆಯ ತಿಂಗಳು, “ಊರಿಗೆ ಹೋಗುತ್ತೇನಪ್ಪ” ಎಂದು ಹೊರಟುಬಿಟ್ಟರು.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿಗಳ ಸಲುವಾಗಿ 2011ರಲ್ಲಿ ವನ್ಯಧಾಮವಾಯಿತು. ಕಾಡೆಂದೊಡನೆ ಮಲೆನಾಡನ್ನು ನೆನೆಯುವವರಿಗೆ ಇಲ್ಲಿ ನಿರಾಶೆಯೇ ಗತಿ; ಕಲ್ಲು, ಮುಳ್ಳು, ಮೊಣಕಾಲೆತ್ತರದ ಒಣಹುಲ್ಲು. ಕೊಂಡುಕುರಿಯಾದರೂ ಸಿಂಹದಂತೆ ಮೆರೆಯುವ ಪ್ರಾಣಿಯಲ್ಲ. ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ, ಹಿಂಡುಗಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ, ಮಹಾ ಅಂಜುಗುಳಿ. ನೀರಿನ ಆಸರೆಯನ್ನು ಬಿಟ್ಟು ಬಹುದೂರ ಹೋಗಲಾರದು.

ಉಪಾಧ್ಯಾಯರು ಸಂಜೆಗಳಲ್ಲಿ ಆ ಕಾಡಿನ ಅಂಚಿನ ದಾರಿಯಲ್ಲಿ ಕುಳಿತುಕೊಳ್ಳತೊಡಗಿದರು. ಬಹುದಿನ ಏನೂ ಕಾಣಲಿಲ್ಲ. ಕಾಣಬೇಕೆಂಬ ಹಂಬಲವೂ ಇರಲಿಲ್ಲ. ಗಾಳಿಯ ಸದ್ದು ಕೇಳುತ್ತ ಎಷ್ಟೋ ಹೊತ್ತು ಯಾವ ಯೋಚನೆಯೂ ಇಲ್ಲದೆ ಕಳೆಯಿತೆಂಬುದು ಎದ್ದು ಹೊರಡುವಾಗ ಮಾತ್ರ ಅವರಿಗೆ ತಿಳಿಯುತ್ತಿತ್ತು. ಒಂದು ಸಂಜೆ, ಮಳೆಯ ನೀರು ಅಂಗೈಯಗಲ ಉಳಿದಿದ್ದ ಬಂಡೆಯ ಗುಳಿಗೆ ಕೊಂಬಿಲ್ಲದ ಕೊಂಡುಕುರಿಯೊಂದು ಬಂದಿತು. ಸುತ್ತ ನೋಡಿತು. ಆತುರವಿಲ್ಲದೆ ಕುಡಿಯಿತು. ಅವರು ಉಸಿರು ಬಿಗಿಹಿಡಿದು ನೋಡಿದರು. ಅದು ಹೋದ ಮೇಲೆ, ಹೆಂಡತಿ ತೀರಿದಂದಿನಿಂದ ಬಾರದಿದ್ದ ಕಣ್ಣೀರು ಬಂದಿತು.

ಮರುದಿನ ಬೆಳಗಾಗುವ ಮೊದಲೇ, ಮೂಲೆಯಲ್ಲಿ ಬೋರಲಾಗಿದ್ದ ಕೊಡವನ್ನು ತೊಳೆದುಕೊಂಡು, ನೆರೆಮನೆಯವರು ತಡೆದರೂ ಕೇಳದೆ, ತಾವೇ ಬೀದಿಯ ನಲ್ಲಿಗೆ ಹೊರಟರು.