ಮೊಮ್ಮಗಳನ್ನು ಪ್ರಯೋಗಶಾಲೆಗೆ ಬಿಟ್ಟು ಬಂದೆವು

ನಮ್ಮದು ಅಕ್ಕಲಕೋಟೆಯಲ್ಲಿ ಅಜ್ಜನ ಕಾಲದಿಂದ ಬಂದ ಬಟ್ಟೆ ಅಂಗಡಿ. ನಮಗೀಗ ಅರವತ್ತೊಂಬತ್ತು ವರ್ಷ, ಓದಿದ್ದು ಮೆಟ್ರಿಕ್‌ವರೆಗೆ. ಇಂಥವರ ಮೊಮ್ಮಗಳು ಇಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ, ಗೇಟ್ ಪರೀಕ್ಷೆ ಬರೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿದುಳಿನ ಸಂಶೋಧನೆಗೆ ಆಯ್ಕೆಯಾದಳು. ಊರವರು ಪೇಢೆ ಹಂಚಿರಿ ಎಂದರು. ನಮ್ಮ ಗಂಟಲಲ್ಲಿ ಮಾತ್ರ ಒಂದು ಪ್ರಶ್ನೆ ಸಿಕ್ಕಿಕೊಂಡಿತ್ತು. ಮಿದುಳನ್ನು ತಿಳಿಯಲು ಇಲಿಗಳ ತಲೆ ಕೊಯ್ಯುತ್ತಾರೆಂದು ಕೇಳಿದ್ದೆವು. ಅಹಿಂಸೆಯ ಮನೆಯಲ್ಲಿ ಬೆಳೆದ ಕೂಸು ಅಂಥ ಕೆಲಸ ಮಾಡಬಹುದೆ?

2024ರ ಆಗಸ್ಟಿನಲ್ಲಿ ನಾವು, ನಮ್ಮ ಮನೆಯವರು ಮತ್ತು ಮೊಮ್ಮಗಳು ಸೊಲ್ಲಾಪುರಕ್ಕೆ ಹೋಗಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದೆವು. ಕಲಬುರ್ಗಿ ದಾಟಿದ ಮೇಲೆ, ಹೊತ್ತು ಮುಳುಗುವುದರೊಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿ ಊಟ ಮುಗಿಸಿದೆವು. ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. ಬೆಳಗಾದಾಗ ಬೆಂಗಳೂರು ಬಂದಿತ್ತು.

ಹಳಬರು ಈ ಸಂಸ್ಥೆಯನ್ನು ಟಾಟಾ ಇನ್ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಜಮ್‌ಶೇಟ್‌ಜಿ ಟಾಟಾ ಅವರು 1877ರಲ್ಲಿ ನಾಗಪುರದಲ್ಲಿ ಬಟ್ಟೆ ಗಿರಣಿ ತೆರೆದವರು. ಅಂದರೆ ಒಂದು ಲೆಕ್ಕದಲ್ಲಿ ನಮ್ಮ ಧಂದೆಯವರೇ. ವಿಜ್ಞಾನದ ಸಂಸ್ಥೆಗೆಂದು ಆಸ್ತಿ ತೆಗೆದಿಟ್ಟ ಅವರು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಫಲ ನೋಡದೆ ಬೀಜ ಬಿತ್ತಿದ ಆ ವ್ಯಾಪಾರಿಯ ಪ್ರತಿಮೆಯ ಮುಂದೆ ನಾವು ತುಸು ಹೊತ್ತು ನಿಂತೆವು. ಗಿಡಮರಗಳ ತಂಪು ಎಷ್ಟೆಂದರೆ ನಮ್ಮ ಬಯಲುಸೀಮೆಯ ಕಣ್ಣಿಗೆ ಅದೊಂದು ತೋಪಿನಂತೆ ಕಂಡಿತು.

ಪ್ರಯೋಗಶಾಲೆಯಲ್ಲಿ ಚಾಕು ಕಾಣಲಿಲ್ಲ, ಪಂಜರ ಕಾಣಲಿಲ್ಲ. ಒಂದು ಕುರ್ಚಿ, ಗಣಕಯಂತ್ರ, ತಂತಿ ಜೋಡಿಸಿದ ಟೊಪ್ಪಿಗೆ, ಅಷ್ಟೆ. ಹಿರಿಯ ವಿದ್ಯಾರ್ಥಿಯೊಬ್ಬ ಟೊಪ್ಪಿಗೆ ಹಾಕಿಕೊಂಡು ಕುಳಿತ. ಪರದೆಯ ಮೇಲೆ ಗೆರೆಗಳು ಹರಿದವು. ಅವನು ಕಣ್ಣು ಮುಚ್ಚಿದೊಡನೆ ಸಣ್ಣ ಗೆರೆಗಳು ದೊಡ್ಡ ಅಲೆಗಳಾದವು, ಸೆಕೆಂಡಿಗೆ ಹತ್ತರಷ್ಟು. ಮನುಷ್ಯನ ತಲೆಯಿಂದ ಈ ಅಲೆಗಳನ್ನು 1924ರಲ್ಲಿ ಮೊದಲು ಬರೆದುಕೊಂಡವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಮೂರ್ಛೆರೋಗ ಗುರುತಿಸಲು ಆಸ್ಪತ್ರೆಗಳಲ್ಲಿ ಮಾಡುವ ಇಇಜಿ ಪರೀಕ್ಷೆ ಇದೇ.

“ಇದರಾಗ ಎಂಜಿನಿಯರಿಗೆ ಏನ ಕೆಲಸಾ ಅವ್ವಿ?” ಎಂದೆವು.

“ಅಜ್ಜಾ, ಈ ಅಲಿ ಒಂದು ವೋಲ್ಟಿನ ಹತ್ತು ಲಕ್ಷದಾಗ ಕೆಲವ ಭಾಗ ಇರ್ತದ. ಗ್ವಾಡಿಯೊಳಗಿನ ಕರೆಂಟು, ಕಣ್ಣಿನ ರೆಪ್ಪಿ ಬಡಿಯೋದು, ಎಲ್ಲಾ ಅದರಾಗ ಕೂಡಿಬಿಡ್ತಾವ. ಆ ಗದ್ದಲದಾಗಿಂದ ಮಿದುಳಿನ ಮಾತ ಅಷ್ಟ ಆರಿಸಿ ತಗೀಬೇಕು.”

ಸಂತೆಯ ಗದ್ದಲದಲ್ಲಿ ಗಿರಾಕಿಯ ಪಿಸುಮಾತು ಹಿಡಿಯುವ ನಮಗೆ ಇದು ತಿಳಿಯಿತು. ಆಗ ಧೈರ್ಯ ಮಾಡಿ ಮನಸ್ಸಿನ ಪ್ರಶ್ನೆಯನ್ನೂ ಕೇಳಿದೆವು.

“ಸಂದರ್ಶನದಾಗ ನಾ ಮೊದಲ ಹೇಳೀನಿ ಅಜ್ಜಾ, ಜೀವ ತಗಿಯೋ ಕೆಲಸ ನನಗ ಬ್ಯಾಡ ಅಂತ. ಪ್ರೊಫೆಸರು ಒಪ್ಪಿದ್ರು. ಆದ್ರ ಖರೇ ಹೇಳ್ತೀನಿ, ನಾ ಓದೋ ಪುಸ್ತಕದಾಗಿನ ಎಷ್ಟೋ ವಿಷಯ ಪ್ರಾಣಿಗಳ ಮ್ಯಾಲಿನ ಪ್ರಯೋಗದಿಂದ ಬಂದಾವ. ಆ ಋಣ ನನ್ನ ಮ್ಯಾಲೂ ಅದ.”

ಋಣ ಎಂಬ ಮಾತು ನಮ್ಮನ್ನು ತಟ್ಟಿತು. ನಮ್ಮ ಅಂಗಡಿಯ ಮೇಲಿನ ಸಾಲಿನಲ್ಲಿ ನಲವತ್ತು ವರ್ಷದಿಂದ ರೇಷ್ಮೆ ಸೀರೆ ಇಟ್ಟಿದ್ದೇವೆ. ಹುಳು ಒಳಗಿರುವಾಗಲೇ ಗೂಡು ಕುದಿಸಿ ಆ ನೂಲು ತೆಗೆಯುತ್ತಾರೆಂದು ತಿಳಿದೂ ಮಾರಿದ್ದೇವೆ. ಅವಳ ಶಾಲೆಯ ಫೀ ಕಟ್ಟಿದ್ದು ಆ ಗಲ್ಲೆಯಿಂದಲೇ. ನಮ್ಮ ಖಾತೆಯಲ್ಲಿ ಈ ಬಾಕಿಯನ್ನು ನಾವು ಎಂದೂ ಬರೆದಿರಲಿಲ್ಲ. ಇಪ್ಪತ್ತೆರಡರ ಹುಡುಗಿ ತನ್ನ ಖಾತೆಯಲ್ಲಿ ಮೊದಲ ದಿನವೇ ಬರೆದುಕೊಂಡಿದ್ದಳು.

ಓದುಗ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಮಕ್ಕಳು ಇಂಥ ವಿದ್ಯೆಗೆ ಹೊರಟರೆ ಹೆದರಿ ಬಾಗಿಲು ಹಾಕಬೇಡಿ. ಖರ್ಚಿನ ಚಿಂತೆಯೂ ಬೇಡ. ಕೇಂದ್ರ ಸರ್ಕಾರ 2023ರಲ್ಲಿ ಕಿರಿಯ ಸಂಶೋಧಕರ ಶಿಷ್ಯವೇತನವನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಿದೆ. ಪ್ರಯೋಗ ಯಾರ ಮೇಲೆ, ಹೇಗೆ ಎಂದು ಮೊದಲೇ ಕೇಳಿರಿ. ಅದೇ ಪ್ರಶ್ನೆಯನ್ನು ನಮ್ಮ ಗಲ್ಲೆಯ ಮುಂದೆ ಕುಳಿತೂ ಕೇಳಿಕೊಳ್ಳೋಣ.

ಊರಿಗೆ ಮರಳಿದ ಮೇಲೆ ಮಗನನ್ನು ಕರೆದು ಮೇಲಿನ ಸಾಲು ತೋರಿಸಿದೆವು. ಇದ್ದ ಮಾಲು ತೀರಲಿ, ಹೊಸದು ತರಿಸುವುದು ಬೇಡ ಎಂದೆವು. ಲಗ್ನದ ಗಿರಾಕಿ ಹೋಗ್ತಾರಲ್ಲ ಎಂದು ಅವನು ತಲೆ ಕೆರೆದುಕೊಂಡ. ಮಾತು ಇನ್ನೂ ನಡೆದಿದೆ.