ಮಂಜುಗಡ್ಡೆಯ ಕೆಳಗೆ ಇಳಿಯುವ ದಾರ

ಯಾವುದೇ ಹಗ್ಗವನ್ನೋ ದಾರವನ್ನೋ ಕೊಳ್ಳುವಾಗ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಗಟ್ಟಿಯೇ? ಬಾವಿಯಿಂದ ನೀರೆತ್ತುವ ಹಗ್ಗಕ್ಕೆ, ದನ ಕಟ್ಟುವ ಹುರಿಗೆ, ಬಟ್ಟೆ ಒಣಹಾಕುವ ಬಳ್ಳಿಗೆ ಆ ಪ್ರಶ್ನೆಯೇ ಸಾಕು. ಆದರೆ ಗಟ್ಟಿತನವೊಂದನ್ನೇ ನೋಡಿ ಆರಿಸಿದರೆ ಕೆಲಸಕ್ಕೆ ಬಾರದಂತಹ ದಾರವೂ ಒಂದಿದೆ. ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು, ಮಂಜುಗಡ್ಡೆಯಲ್ಲಿ ಕೊರೆದ ರಂಧ್ರದ ಮೂಲಕ ಕೆಳಗಿಳಿಸುವ ಗಾಳದ ದಾರವದು. ಅದರ ಆಯ್ಕೆಯ ಬಗ್ಗೆ ನಾನು ಕಂಡು ಕಲಿತ ನಾಲ್ಕು ಮಾತುಗಳನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಿಮ್ಮಲ್ಲಿ ಹಲವರ ಮಕ್ಕಳು ಇಂದು ದೂರದೇಶಗಳಲ್ಲಿ ನೆಲೆಸಿದ್ದಾರೆ. ಮೊಮ್ಮಕ್ಕಳ ಆರೈಕೆಗೆಂದು ಹೋಗಿ, ಕಿಟಕಿಯಾಚೆಯ ಹಿಮವನ್ನು ನೋಡುತ್ತ ತಿಂಗಳುಗಟ್ಟಲೆ ಕಳೆದವರು ನಮ್ಮ ನಡುವೆ ಕಡಿಮೆಯಿಲ್ಲ. ನಾನೂ ನಿವೃತ್ತನಾದ ಬಳಿಕ 2024ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿ ಒಂದು ಚಳಿಗಾಲವನ್ನು ಅಲ್ಲಿ ಕಳೆದೆ. ಹತ್ತು ಎಕರೆಗಿಂತ ದೊಡ್ಡದಾದ ಸರೋವರಗಳೇ ಹನ್ನೊಂದು ಸಾವಿರಕ್ಕೂ ಹೆಚ್ಚಿರುವ ನಾಡದು. ಜನವರಿಯಲ್ಲಿ ಉಷ್ಣಾಂಶವು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಲ್ಲಿ ಸಾಮಾನ್ಯ ಸಂಗತಿ. ಆಗ ಸರೋವರಗಳೆಲ್ಲವೂ ಮೈದಾನಗಳಾಗಿಬಿಡುತ್ತವೆ. ಅವುಗಳ ಮೇಲೆ ಬಣ್ಣಬಣ್ಣದ ಗುಡಾರಗಳು ಏಳುತ್ತವೆ. ಒಳಗೆ ಜನ ಸಣ್ಣ ಕೋಲುಗಳನ್ನು ಹಿಡಿದು ಕುಳಿತಿರುತ್ತಾರೆ.

ಮೇಲೆಲ್ಲ ಮಂಜುಗಡ್ಡೆಯಾದರೆ ಮೀನುಗಳು ಬದುಕುವುದೆಂತು ಎಂದು ನೀವು ಕೇಳಬಹುದು. ನೀರಿನ ಗುಣವೊಂದು ಅವುಗಳನ್ನು ಕಾಯುತ್ತದೆ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಅತಿ ಹೆಚ್ಚು ಸಾಂದ್ರವಾಗಿರುವುದರಿಂದ ಅಂತಹ ನೀರು ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ತಣ್ಣಗಾದ ನೀರು ಮೇಲುಳಿದು ಹೆಪ್ಪುಗಟ್ಟುತ್ತದೆ. ಆ ಮಂಜುಗಡ್ಡೆಯೇ ಕೆಳಗಿನ ನೀರಿಗೆ ಕಂಬಳಿಯಂತಾಗುತ್ತದೆ. ಮೀನುಗಳು ತಣ್ಣನೆಯ ರಕ್ತದ ಜೀವಿಗಳು. ಅಷ್ಟು ಚಳಿಯಲ್ಲಿ ಅವುಗಳ ದೇಹದ ವ್ಯಾಪಾರವೆಲ್ಲ ನಿಧಾನವಾಗುತ್ತದೆ. ಅವು ಬೇಸಿಗೆಯಂತೆ ಎರೆಯ ಮೇಲೆ ಎರಗುವುದಿಲ್ಲ. ಹತ್ತಿರ ಬಂದು, ನಿಂತು, ತುಟಿ ಸೋಕಿಸಿ, ಬೇಡವೆನಿಸಿದರೆ ಉಗುಳಿಬಿಡುತ್ತವೆ. ಈ ಒಂದು ಕ್ಷಣದ ಸ್ಪರ್ಶವನ್ನು ಮೇಲಿರುವ ಕೈಗೆ ತಿಳಿಸಬೇಕಾದದ್ದು ದಾರ. ಅದರ ಆಯ್ಕೆಗೆ ಅಲ್ಲಿನವರು ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆಂಬುದು ನನಗೆ ಮನದಟ್ಟಾದದ್ದು ಈ ವಿಷಯ ತಿಳಿದ ಮೇಲೆಯೇ.

ನನಗೆ ಇದನ್ನೆಲ್ಲ ಕಲಿಸಿದವರು ಮಗಳ ನೆರೆಮನೆಯ ಹಿರಿಯರು. ಬಡಗಿಯಾಗಿ ದುಡಿದು ನಿವೃತ್ತರಾದವರು, ಎಪ್ಪತ್ತೆಂಟರ ವಯಸ್ಸು. ಐವತ್ತು ಚಳಿಗಾಲಗಳನ್ನು ಅವರು ಮಂಜುಗಡ್ಡೆಯ ಮೇಲೆ ಕಳೆದಿದ್ದರು. ಆದರೆ ಹಿಂದಿನ ವರ್ಷ ಕ್ಯಾನ್ಸರಿಗಾಗಿ ಪಡೆದ ಚಿಕಿತ್ಸೆಯಿಂದ ಅವರ ಬೆರಳ ತುದಿಗಳಲ್ಲಿ ಸ್ಪರ್ಶಜ್ಞಾನ ಬಹುಮಟ್ಟಿಗೆ ಹೋಗಿತ್ತು. ಅಂಗಿಯ ಗುಂಡಿ ಹಾಕುವುದೂ ಅವರಿಗೆ ಪ್ರಯಾಸವಾಗಿತ್ತು. ಮೀನು ಬಂದು ಹೋದದ್ದು ಕೈಗೆ ತಿಳಿಯದ ಮೇಲೆ ಕುಳಿತೇನು ಫಲವೆಂದು ಗಾಳದ ಕೋಲುಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುವ ಯೋಚನೆಯಲ್ಲಿದ್ದರು. ಅವರ ಪತ್ನಿ ಇದನ್ನು ನನ್ನ ಮಗಳೊಡನೆ ಹೇಳುವಾಗ ಕಣ್ಣೀರು ತುಂಬಿಕೊಂಡಿದ್ದರಂತೆ. ಆ ಮನೆಯಲ್ಲಿ ಚಳಿಗಾಲವೆಂದರೆ ಸರೋವರವೇ ಆಗಿತ್ತು.

ಈಗ ದಾರದ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ದೊರೆಯುವ ಪ್ರತಿಯೊಂದು ಸುರುಳಿಯ ಮೇಲೂ ಅದು ಎಷ್ಟು ಪೌಂಡ್ ಸೆಳೆತವನ್ನು ತಡೆಯಬಲ್ಲದೆಂದು ಬರೆದಿರುತ್ತದೆ. ಬ್ಲೂಗಿಲ್, ಕ್ರ್ಯಾಪಿ, ಪರ್ಚ್‌ಗಳಂತಹ ಅಂಗೈಯಗಲದ ಮೀನುಗಳಿಗೆ 2ರಿಂದ 4 ಪೌಂಡ್, ಅಂದರೆ ಸುಮಾರು ಒಂದರಿಂದ ಎರಡು ಕಿಲೋ. ಆ ರಾಜ್ಯದ ಅಧಿಕೃತ ಮೀನಾದ ವಾಲೈಗೆ 6ರಿಂದ 8 ಪೌಂಡ್. ಚೂಪು ಹಲ್ಲಿನ ನಾರ್ದರ್ನ್ ಪೈಕ್ ಮೀನಿಗಾದರೆ ಕೊಕ್ಕೆಯ ಬಳಿ ಉಕ್ಕಿನ ತಂತಿಯನ್ನೋ ದಪ್ಪನೆಯ ದಾರವನ್ನೋ ಸೇರಿಸಲೇಬೇಕು. ಹೊಸಬರ ಮನಸ್ಸು ಸಹಜವಾಗಿಯೇ ದೊಡ್ಡ ಸಂಖ್ಯೆಯತ್ತ ವಾಲುತ್ತದೆ. 4 ಸಾಕಾಗುವಲ್ಲಿ 10 ಇದ್ದರೆ ಇನ್ನೂ ಒಳ್ಳೆಯದಲ್ಲವೇ?

ಅಲ್ಲ. ಚಳಿಗಾಲದ ಗಾಳಕ್ಕೆ ಕಟ್ಟುವುದು ‘ಜಿಗ್’ ಎಂಬ, ಕಡಲೆಕಾಳಿಗಿಂತಲೂ ಸಣ್ಣ ಲೋಹದ ಗುಂಡು. ಕೊಕ್ಕೆಯನ್ನು ಅದಕ್ಕೇ ಬೆಸೆದಿರುತ್ತಾರೆ. ರೀಲಿನ ಮೇಲೆ ಸುತ್ತಿಟ್ಟ ದಪ್ಪ ದಾರವು ಚಳಿಯಲ್ಲಿ ಬಿರುಸಾಗಿ, ಸುರುಳಿಯ ಆಕಾರವನ್ನೇ ಉಳಿಸಿಕೊಳ್ಳುತ್ತದೆ. ದಾರದ ‘ನೆನಪು’ ಎಂದು ಅಲ್ಲಿನವರು ಇದನ್ನು ಕರೆಯುತ್ತಾರೆ. ಹಗುರವಾದ ಜಿಗ್‌ಗೆ ಆ ಸುರುಳಿಗಳನ್ನು ನೆಟ್ಟಗೆ ಎಳೆಯುವಷ್ಟು ಭಾರವಿಲ್ಲ. ಅದು ನೀರಿನಲ್ಲಿ ಸ್ಪ್ರಿಂಗಿನ ತುದಿಗೆ ಕಟ್ಟಿದಂತೆ ತೂಗುತ್ತಿರುತ್ತದೆ. ಮೀನು ಬಂದು ಮುಟ್ಟಿದರೆ ಸುರುಳಿ ಸ್ವಲ್ಪ ಬಿಚ್ಚಿ ಮತ್ತೆ ಮಡಚಿಕೊಳ್ಳುತ್ತದೆಯೇ ಹೊರತು ಕೈಗೆ ಸುದ್ದಿ ಮುಟ್ಟುವುದಿಲ್ಲ. ಇತ್ತೀಚೆಗೆ ಸೀಸಕ್ಕೆ ಬದಲಾಗಿ ಅದಕ್ಕಿಂತ ಬಹಳ ಸಾಂದ್ರವಾದ ಟಂಗ್‌ಸ್ಟನ್ ಲೋಹದ ಜಿಗ್‌ಗಳನ್ನು ಬಳಸುವುದಕ್ಕೆ ಇದೂ ಒಂದು ಕಾರಣ: ಗಾತ್ರ ಚಿಕ್ಕದಾದರೂ ದಾರವನ್ನು ನೆಟ್ಟಗೆ ಹಿಡಿಯಬಲ್ಲವು.

ಇನ್ನು ದಾರಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನಮಗೆಲ್ಲ ಪರಿಚಿತವಾದ ಒಂಟಿ ಎಳೆಯ ನೈಲಾನ್. 1935ರಲ್ಲಿ ಡುಪಾಂಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋಥರ್ಸ್ ಅವರ ತಂಡ ನೈಲಾನನ್ನು ರೂಪಿಸಿತು. ಅದಕ್ಕೆ ಮುನ್ನ ರೇಷ್ಮೆ, ನಾರು, ಕುದುರೆಯ ಕೂದಲುಗಳಿಂದ ಗಾಳದ ದಾರ ಹೊಸೆಯುತ್ತಿದ್ದರು. ನೈಲಾನಿನ ಗಂಟು ಸುಲಭವಾಗಿ ಬಿಗಿಯುತ್ತದೆ, ಬೆಲೆಯೂ ಕಡಿಮೆ. ಎಳೆದರೆ ಸಾಕಷ್ಟು ಹಿಗ್ಗುತ್ತದೆ. ಮೀನು ಹಠಾತ್ತನೆ ಕೊಸರಿದಾಗ ಆ ಹಿಗ್ಗುವಿಕೆಯೇ ದಾರವನ್ನು ಉಳಿಸುತ್ತದೆ. ಆದರೆ ಅದೇ ಗುಣವು ಸೂಕ್ಷ್ಮ ಸ್ಪರ್ಶವನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಅದು ನೀರನ್ನೂ ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ.

ಎರಡನೆಯದು ಫ್ಲೋರೋಕಾರ್ಬನ್, ಜಪಾನಿನಲ್ಲಿ 1970ರ ದಶಕದ ಆರಂಭದಲ್ಲಿ ಗಾಳದ ದಾರವಾಗಿ ಬಳಕೆಗೆ ಬಂದದ್ದು. ಬೆಳಕನ್ನು ಬಾಗಿಸುವ ಗುಣದಲ್ಲಿ ಇದು ನೀರಿಗೆ ಹತ್ತಿರ: ನೀರಿನ ವಕ್ರೀಭವನಾಂಕ 1.33, ಇದರದು ಸುಮಾರು 1.42, ನೈಲಾನಿನದು 1.5ಕ್ಕೂ ಮೇಲೆ. ಆದ್ದರಿಂದ ತಿಳಿನೀರಿನಲ್ಲಿ ಇದು ಮೀನಿನ ಕಣ್ಣಿಗೆ ಅಷ್ಟಾಗಿ ಬೀಳದು. ನೀರು ಹೀರುವುದಿಲ್ಲ, ನೀರಿಗಿಂತ ಭಾರವಾದ್ದರಿಂದ ಬೇಗ ಮುಳುಗುತ್ತದೆ. ಆದರೆ ಸ್ವಭಾವತಃ ಬಿರುಸು. ದಪ್ಪನೆಯದನ್ನು ಆರಿಸಿದರೆ ಸುರುಳಿಯ ತೊಂದರೆ ಇಲ್ಲಿಯೂ ಉಂಟು.

ಮೂರನೆಯದು, ಅತಿ ಗಟ್ಟಿಯಾದ ಪಾಲಿಎಥಿಲೀನ್ ಎಳೆಗಳನ್ನು ಜಡೆಯಂತೆ ಹೆಣೆದು ಮಾಡಿದ ದಾರ. ತೆಳ್ಳಗಿದ್ದರೂ ಬಹಳ ಬಲವಾದದ್ದು, ಹಿಗ್ಗುವುದು ತೀರ ಕಡಿಮೆ, ಸುರುಳಿಯ ನೆನಪೂ ಇಲ್ಲ. ಕೆಳಗಿನ ಸ್ಪರ್ಶ ಇದ್ದಂತೆಯೇ ಮೇಲೆ ಬರುತ್ತದೆ. ಹಾಗಾದರೆ ಎಲ್ಲರೂ ಇದನ್ನೇ ಬಳಸಬಾರದೇಕೆ? ಎಳೆಗಳ ನಡುವೆ ನೀರು ನಿಲ್ಲುತ್ತದೆ. ಬಯಲಿನ ಚಳಿಗೆ ಆ ನೀರು ಕ್ಷಣದಲ್ಲಿ ಹೆಪ್ಪುಗಟ್ಟಿ, ದಾರವು ತಂತಿಯಂತಾಗಿ, ಕೋಲಿನ ಉಂಗುರಗಳೆಲ್ಲ ಮಂಜಿನಿಂದ ಮುಚ್ಚಿಹೋಗುತ್ತವೆ. ಮೇಲುಲೇಪವಿರುವ ಚಳಿಗಾಲದ ಹೆಣೆದ ದಾರಗಳೂ ಈ ತೊಂದರೆಯನ್ನು ಕಡಿಮೆ ಮಾಡುತ್ತವೆಯೇ ವಿನಾ ಪೂರ್ತಿ ನೀಗಿಸುವುದಿಲ್ಲ. ಸಾಲದ್ದಕ್ಕೆ, ತಿಳಿನೀರಿನಲ್ಲಿ ಅದು ಮೀನಿಗೆ ಚೆನ್ನಾಗಿ ಕಾಣುತ್ತದೆ.

ಒಂದು ಸಂಜೆ ಆ ಹಿರಿಯರು ಮೂರೂ ಬಗೆಯ ದಾರಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹನ್ನೊಂದು ವರ್ಷದ ನನ್ನ ಮೊಮ್ಮಗನಿಗೆ ಒಂದು ಕೆಲಸ ಒಪ್ಪಿಸಿದರು. ಅವನು ಪಡಸಾಲೆಯ ಆ ತುದಿಯಲ್ಲಿ ದಾರದ ಕೊನೆ ಹಿಡಿದು ನಿಲ್ಲಬೇಕು. ತಾವು ಈ ತುದಿಯಲ್ಲಿ ಕೋಲು ಹಿಡಿದು ಕಣ್ಣು ಮುಚ್ಚಿಕೊಳ್ಳುವರು. ಅವನು ಮನಬಂದಾಗ ಒಂದು ಬೆರಳಿನಿಂದ ದಾರವನ್ನು ಮೆಲ್ಲನೆ ಮುಟ್ಟಬೇಕು. ಐವತ್ತು ವರ್ಷ ಬಳಸಿದ್ದ ನೈಲಾನಿನಲ್ಲಿ ಹತ್ತು ಬಾರಿ ಮುಟ್ಟಿದರೆ ಅವರಿಗೆ ತಿಳಿದದ್ದು ಒಮ್ಮೆ ಮಾತ್ರ. ಫ್ಲೋರೋಕಾರ್ಬನ್‌ನಲ್ಲಿ ನಾಲ್ಕು ಬಾರಿ. ಹೆಣೆದ ದಾರ ಕಟ್ಟಿದಾಗ ಎಂಟು ಬಾರಿ, ‘ಈಗ’ ಎಂದರು. ಬೆರಳುಗಳಿಗಲ್ಲದಿದ್ದರೂ ಕೋಲಿನ ಹಿಡಿ ಒತ್ತಿದ್ದ ಅಂಗೈಗೆ ಅದು ತಲುಪುತ್ತಿತ್ತು. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕಾಫಿ ಕೇಳಿ ಕುಡಿದರು.

ದಾರ ನಿರ್ಧಾರವಾದ ಮೇಲೆ ಉಳಿದ ಏರ್ಪಾಡುಗಳೂ ಅದಕ್ಕೆ ತಕ್ಕಂತೆ ಬದಲಾಗಬೇಕಾಯಿತು. ಹೆಣೆದ ದಾರ ಹೆಪ್ಪುಗಟ್ಟದಿರಬೇಕಾದರೆ ಬಯಲಿನಲ್ಲಿ ಕೂರುವಂತಿಲ್ಲ. ಸಣ್ಣ ಗ್ಯಾಸ್ ಒಲೆಯಿರುವ ಗುಡಾರ ಬೇಕು. ಅದರಲ್ಲಿ ವಿಷಾನಿಲ ತುಂಬದಂತೆ ಗಾಳಿಗೆ ಕಿಂಡಿಯೂ ಬೇಕು. ದಾರ ಮೀನಿಗೆ ಕಾಣದಿರಲು ಅದರ ಕೊನೆಗೆ ಎರಡು ಅಡಿಯಷ್ಟು 4 ಪೌಂಡಿನ ಫ್ಲೋರೋಕಾರ್ಬನ್ ಜೋಡಿಸಬೇಕು. ಇವೆರಡರ ನಡುವೆ ಗಿರಕಿ ಹೊಡೆಯುವ ಪುಟ್ಟ ಕೊಂಡಿಯೊಂದಿದ್ದರೆ ದಾರದ ತಿರುಚಿಗೆ ಜಿಗ್ ಬುಗುರಿಯಂತೆ ಸುತ್ತುವುದು ತಪ್ಪುತ್ತದೆ. ಸುತ್ತುವ ಎರೆಯನ್ನು ಚಳಿಗಾಲದ ಮೀನು ನಂಬುವುದಿಲ್ಲ. ಕೊನೆಯ ಆ ತುಂಡು ಮೇಲಿನ ದಾರಕ್ಕಿಂತ ಬಲಹೀನವಾಗಿರಬೇಕೆಂಬುದೂ ಉದ್ದೇಶಪೂರ್ವಕವೇ. ಕೊಕ್ಕೆ ತಳದ ಮರದ ಬೇರಿಗೆ ಸಿಕ್ಕಿಕೊಂಡರೆ ಕಡಿಯುವುದು ಅಲ್ಲಿಯೇ. ಉದ್ದನೆಯ ದಾರ ನೀರಿನಲ್ಲಿ ಉಳಿಯುವುದಿಲ್ಲ.

ಗಂಟು ಹಾಕುವ ಕೆಲಸ ಮಾತ್ರ ಆ ಹಿರಿಯರಿಂದ ಆಗದು. ಕೂದಲಿನಷ್ಟು ತೆಳುವಾದ ದಾರವನ್ನು ಸೂಜಿಯ ಕಣ್ಣಿನಂತಹ ರಂಧ್ರದಲ್ಲಿ ತೂರಿಸಿ ಮಡಚಿ ಬಿಗಿಯುವುದನ್ನು ಮೊಮ್ಮಗನಿಗೆ ಕಲಿಸಿದರು. ಬಿಗಿಯುವ ಮುನ್ನ ಗಂಟನ್ನು ಎಂಜಲಿನಿಂದ ಒದ್ದೆ ಮಾಡಬೇಕು. ಒಣ ಗಂಟನ್ನು ಎಳೆದರೆ ಉಜ್ಜಾಟದ ಬಿಸಿಗೆ ದಾರ ಅಲ್ಲಿಯೇ ಸೊರಗುತ್ತದೆ. ಎಷ್ಟೇ ಬೆಲೆಯ ದಾರವಾದರೂ ಅದರ ಬಲ ಗಂಟಿನ ಬಲಕ್ಕಿಂತ ಹೆಚ್ಚಲ್ಲ ಎಂದು ಆ ಹುಡುಗನಿಗೆ ಪದೇಪದೇ ಹೇಳುತ್ತಿದ್ದರು.

ಜನವರಿ ಕೊನೆಯ ಒಂದು ಶನಿವಾರ ನಾವು ಮೂವರೂ ಹೋದೆವು. ಬೈರಿಗೆಯಿಂದ ಎಂಟು ಅಂಗುಲದ ರಂಧ್ರ ಕೊರೆದು, ಇಪ್ಪತ್ತು ಅಡಿ ಆಳಕ್ಕೆ ದಾರ ಇಳಿಸಿದೆವು. ಎರಡು ಗಂಟೆ ಏನೂ ಇಲ್ಲ. ಕತ್ತಲಾಗುವ ಹೊತ್ತಿಗೆ ಆ ಹಿರಿಯರ ಮಣಿಕಟ್ಟು ಥಟ್ಟನೆ ಮೇಲೆದ್ದಿತು. ಮೇಲೆ ಬಂದದ್ದು ಸಾಧಾರಣ ಗಾತ್ರದ ಒಂದು ಕ್ರ್ಯಾಪಿ ಮೀನು. ಅಂದು ಸಿಕ್ಕಿದ್ದು ಅದೊಂದೇ. ಮನೆಗೆ ಮರಳಿದ ಮೇಲೆ ಕೋಲುಗಳನ್ನು ಯಾರಿಗಾದರೂ ಕೊಡುವ ಮಾತು ಮತ್ತೆ ಕೇಳಿಬರಲಿಲ್ಲ.

ಹೊರಡುವ ಮುನ್ನ ಅವರು ಕತ್ತರಿಸಿದ ದಾರದ ಚೂರುಗಳನ್ನೆಲ್ಲ ಮಂಜಿನಿಂದ ಆರಿಸಿ ಜೇಬಿಗೆ ಹಾಕಿಕೊಂಡರು. ಉಗುರಿನಷ್ಟು ಚಿಕ್ಕ ಚೂರನ್ನೂ ಬಿಡಲಿಲ್ಲ. ಕಾರಣ ಸ್ಪಷ್ಟ: ವಸಂತದಲ್ಲಿ ಮಂಜುಗಡ್ಡೆ ಕರಗಿದಾಗ ಅದರ ಮೇಲೆ ಬಿಟ್ಟದ್ದೆಲ್ಲ ನೀರಿಗೇ ಸೇರುತ್ತದೆ. ಆಗ ಆ ನಾಡಿನ ರಾಜ್ಯಪಕ್ಷಿಯಾದ ಲೂನ್ ಮರಿಮಾಡಲು ಮರಳಿ ಬರುತ್ತದೆ. ಬಿಸಾಡಿದ ದಾರದಲ್ಲಿ ಕಾಲುಕೊಕ್ಕು ಸಿಕ್ಕಿಕೊಂಡು ನೀರುಹಕ್ಕಿಗಳು ಸಾಯುವುದುಂಟು. ಸೀಸದ ಗುಂಡು ನುಂಗಿ ವಿಷವೇರಿ ಸಾಯುವ ಲೂನ್‌ಗಳೂ ಉಂಟು. ನೈಲಾನಾಗಲಿ ಫ್ಲೋರೋಕಾರ್ಬನ್ನಾಗಲಿ ಹೆಣೆದ ದಾರವಾಗಲಿ, ಬೇಗನೆ ಕೊಳೆತು ಮಣ್ಣಾಗುವ ವಸ್ತುಗಳಲ್ಲ.

ಪ್ರಿಯ ಓದುಗರೇ, ಮುಂದೊಂದು ಚಳಿಗಾಲದಲ್ಲಿ ನೀವೂ ಅಂತಹ ನಾಡಿಗೆ ಹೋದರೆ, ಯಾರಾದರೂ ಮೀನು ಹಿಡಿಯಲು ಕರೆದರೆ ಹಿಂಜರಿಯದಿರಿ. ಆದರೆ ದಾರಕ್ಕಿಂತ ಮೊದಲು ಮಂಜುಗಡ್ಡೆಯ ದಪ್ಪ ಕೇಳಿ. ತಿಳಿಯಾದ ಹೊಸ ಮಂಜುಗಡ್ಡೆ ಕನಿಷ್ಠ ನಾಲ್ಕು ಅಂಗುಲವಾದರೂ ಇಲ್ಲದೆ ಅದರ ಮೇಲೆ ನಡೆಯಬಾರದೆಂಬುದು ಅಲ್ಲಿನ ಸರಕಾರಿ ಇಲಾಖೆಯ ಸೂಚನೆ. 2023ರ ಡಿಸೆಂಬರಿನಲ್ಲಿ ಅಪ್ಪರ್ ರೆಡ್ ಲೇಕ್ ಎಂಬ ಸರೋವರದಲ್ಲಿ ಮಂಜಿನ ಹಾಸು ದಡದಿಂದ ಬೇರ್ಪಟ್ಟು, ಮೀನು ಹಿಡಿಯಲು ಹೋಗಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ರಕ್ಷಿಸಬೇಕಾಗಿ ಬಂದಿತ್ತು.

ಅನಂತರ ದಾರ ಆರಿಸಿ. ಬಯಲಿನಲ್ಲಿ ಕೂರುವಿರಾದರೆ ತೆಳುವಾದ ನೈಲಾನ್ ಅಥವಾ ಫ್ಲೋರೋಕಾರ್ಬನ್. ಗುಡಾರದೊಳಗಾದರೆ ಹೆಣೆದ ದಾರ, ಕೊನೆಗೊಂದು ತುಂಡು ಫ್ಲೋರೋಕಾರ್ಬನ್. ನಿಮ್ಮೊಡನೆ ಬಂದವರ ಕೈ ಮುದಿಯಾಗಿದ್ದರೆ, ನಡುಗುತ್ತಿದ್ದರೆ, ಇಲ್ಲವೇ ಚಿಕ್ಕ ಮಗುವಿನದಾಗಿದ್ದರೆ, ಆ ಕೈಯನ್ನು ನೋಡಿ ಆರಿಸಿ. ಅಂಗಡಿಯಾತ ಎಷ್ಟು ಪೌಂಡಿನದು ಬೇಕೆಂದು ಕೇಳುತ್ತಾನೆ. ಯಾರು ಹಿಡಿಯುವರೆಂಬುದನ್ನು ಅವನಿಗೆ ಮೊದಲು ಹೇಳಿ.