ಬಿದ್ದ ಗಣಕಯಂತ್ರ, ಉಳಿದುಬಂದ ಧ್ವನಿ

ಪರದೇಶದಲ್ಲಿ ಸಂಸಾರ ಹೂಡಿದವರಿಗೆ ಮನೆಯ ಒಂದು ವಸ್ತು ಕೆಟ್ಟಿತೆಂದರೆ ಅದು ಬರಿಯ ವಸ್ತುವಿನ ಕೇಡಾಗಿ ಉಳಿಯುವುದಿಲ್ಲ. ನಮ್ಮ ಊರುಗಳಲ್ಲಿ ಮಿಕ್ಸರ್ ಕೆಟ್ಟರೂ ರೇಡಿಯೋ ಕೆಟ್ಟರೂ ಓಣಿಯ ತುದಿಯಲ್ಲಿ ರಿಪೇರಿ ಮಾಡುವವನೊಬ್ಬ ಇದ್ದೇ ಇರುತ್ತಾನೆ. ಅವನ ಮಕ್ಕಳ ಓದಿನ ಸುದ್ದಿ ಕೇಳುತ್ತ ಕುಳಿತಿರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಪರನಾಡಿನಲ್ಲಿ ಹಾಗಲ್ಲ. ಯಾರನ್ನು ಕೇಳಬೇಕು, ಯಾವ ಭಾಷೆಯಲ್ಲಿ ಕೇಳಬೇಕು, ಎಷ್ಟು ಹಣ ತೆರಬೇಕು ಎಂಬುದೆಲ್ಲ ಹೊಸದಾಗಿ ಕಲಿಯಬೇಕಾದ ಪಾಠವೇ. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿದ್ದಾರೆ. ಅಂಥ ಮನೆಗಳವರಿಗೆ ಉಪಯೋಗವಾದೀತೆಂಬ ಭಾವನೆಯಿಂದ ನಮ್ಮ ಅನುಭವವೊಂದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಇರುವುದು ನೆದರ್‌ಲ್ಯಾಂಡ್ಸ್ ದೇಶದ ದಕ್ಷಿಣ ಭಾಗದ ಐಂಡ್‌ಹೋವೆನ್ ನಗರದಲ್ಲಿ. 1891ರಲ್ಲಿ ಫಿಲಿಪ್ಸ್ ಕಂಪನಿ ವಿದ್ಯುದ್ದೀಪದ ಕಾರ್ಖಾನೆಯಾಗಿ ಹುಟ್ಟಿದ್ದು ಈ ಊರಿನಲ್ಲಿಯೇ. ಪಕ್ಕದ ವೆಲ್ಡ್‌ಹೋವೆನ್‌ನಲ್ಲಿ ಗಣಕದ ಚಿಪ್ಪುಗಳನ್ನು ತಯಾರಿಸುವ ಯಂತ್ರಗಳನ್ನು ನಿರ್ಮಿಸುವ ಎಎಸ್‌ಎಂಎಲ್ ಎಂಬ ದೊಡ್ಡ ಕಂಪನಿಯಿದೆ. ಇಂಥ ಕಂಪನಿಗಳ ಕಾರಣದಿಂದ ಇಲ್ಲಿ ಭಾರತೀಯ ಕುಟುಂಬಗಳು ಸಾಕಷ್ಟಿವೆ. ಜಗತ್ತಿಗೆ ಯಂತ್ರ ಮಾಡಿಕೊಡುವ ಊರಿನಲ್ಲಿದ್ದೂ ನಮ್ಮ ಮನೆಯ ಒಂದು ಪುಟ್ಟ ಯಂತ್ರಕ್ಕಾಗಿ ಒಂದು ವಾರ ನಿದ್ರೆಗೆಡಬೇಕಾಯಿತು.

2023ರ ನವೆಂಬರ್ ತಿಂಗಳ ಒಂದು ರವಿವಾರ ಸಂಜೆ. ಚಳಿಗಾಲದ ಕತ್ತಲೆ ಬೇಗನೆ ಕವಿದಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿತ್ತು. ಆಡುತ್ತಿದ್ದ ಮಗುವಿನ ಕಾಲು ಚಾರ್ಜರಿನ ವಾಯರಿಗೆ ತೊಡರಿ, ಯಂತ್ರ ಮೇಜಿನಿಂದ ನೆಲಕ್ಕೆ ಬಿತ್ತು. ಮಗುವಿಗೆ ಏನೂ ಆಗಲಿಲ್ಲ, ಅದೇ ದೊಡ್ಡ ಸಮಾಧಾನ. ಲ್ಯಾಪ್‌ಟಾಪ್ ಎತ್ತಿ ನೋಡಿದರೆ ಒಂದು ಮೂಲೆ ಒಡೆದಿತ್ತು. ಗುಂಡಿ ಒತ್ತಿದಾಗ ಒಳಗಿನ ಪಂಖ ಒಂದೆರಡು ಕ್ಷಣ ಸದ್ದು ಮಾಡಿ ನಿಂತಿತು. ಪರದೆ ಕಪ್ಪಾಗಿಯೇ ಉಳಿಯಿತು.

ಅದರೊಳಗೆ ವಾಸದ ಪರವಾನಗಿಯ ಕಾಗದಪತ್ರಗಳಿದ್ದವು, ಬ್ಯಾಂಕಿನ ಲೆಕ್ಕಗಳಿದ್ದವು, ಕಚೇರಿಯ ಕೆಲಸವೂ ಇತ್ತು. ಇವೆಲ್ಲ ತಡವಾಗಿಯಾದರೂ ಮತ್ತೆ ಸಿಗುವಂಥವು. ಮತ್ತೆ ಸಿಗಲಾರದ್ದು ಒಂದೇ. 2018ರ ಬೇಸಿಗೆಯಲ್ಲಿ ಊರಿಗೆ ಹೋದಾಗ ತಂದೆಯವರನ್ನು ಪಡಸಾಲೆಯಲ್ಲಿ ಕೂರಿಸಿ ಅವರ ಮಾತುಗಳನ್ನು ಮುದ್ರಿಸಿಕೊಂಡಿದ್ದೆವು. ವರದಾ ನದಿಯ ದಂಡೆಯ ನಮ್ಮ ಹಳ್ಳಿಯಲ್ಲಿ ಯಾವ ಹೊಲಕ್ಕೆ ಯಾವ ಹೆಸರು, ಯಾವ ಬಾವಿ ಯಾರ ಕಾಲದ್ದು, ಮನೆಯ ಹೆಣ್ಣುಮಕ್ಕಳನ್ನು ಯಾವ ಯಾವ ಊರಿಗೆ ಕೊಟ್ಟಿದೆ, ಬರಗಾಲದ ವರ್ಷ ಎತ್ತುಗಳನ್ನು ಮಾರದೆ ಹೇಗೆ ಉಳಿಸಿಕೊಂಡರು ಎಂಬುದನ್ನೆಲ್ಲ ಅವರು ನಿಧಾನವಾಗಿ, ನಡುನಡುವೆ ನಗುತ್ತ ಹೇಳಿದ್ದರು. 2021ರಲ್ಲಿ ಅವರು ಲಿಂಗೈಕ್ಯರಾದರು. ಆ ಧ್ವನಿಯ ಇನ್ನೊಂದು ಪ್ರತಿ ಊರಿನ ಮನೆಯ ಡಿಸ್ಕಿನಲ್ಲಿತ್ತು. ಅಂದೇ ದೂರವಾಣಿಯಲ್ಲಿ ವಿಚಾರಿಸಿದಾಗ, ಆ ಡಿಸ್ಕು ಕಳೆದ ಮಳೆಗಾಲದಲ್ಲಿ ನೀರು ಸೋರಿ ಕೆಟ್ಟುಹೋದ ಸಂಗತಿ ತಿಳಿಯಿತು.

ಹುಬ್ಬಳ್ಳಿಯಲ್ಲಿ ನಮ್ಮ ಅಣ್ಣನವರ ಮಗ ಗಣಕಯಂತ್ರಗಳ ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಇಲ್ಲಿ ಸಂಜೆ 7 ಗಂಟೆ, ಅಲ್ಲಿ ರಾತ್ರಿ 11-30. ಸಂಕೋಚದಿಂದಲೇ ಅವನಿಗೆ ಫೋನು ಹಚ್ಚಿದೆವು.

“ಕಾಕಾ, ಮೊದಲು ಚಾರ್ಜರ್ ತಗೀರಿ. ಗುಂಡಿ ಮ್ಯಾಲಿಂದ ಮ್ಯಾಲೆ ಒತ್ತಬ್ಯಾಡ್ರಿ. ಸುಟ್ಟ ವಾಸನಿ ಏನರೆ ಬರ್ತೈತೇನು? ತಳಾ ಉಬ್ಬೇತೇನು ನೋಡ್ರಿ,” ಎಂದ.

ಈ ಎರಡು ಪ್ರಶ್ನೆಗಳನ್ನು ಅವನು ಮೊದಲೇ ಏಕೆ ಕೇಳಿದನೆಂಬುದು ಅನಂತರ ತಿಳಿಯಿತು. ಲ್ಯಾಪ್‌ಟಾಪಿನೊಳಗಿನ ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಅದು ಒಳಗೊಳಗೇ ಬಿಸಿಯಾಗಿ ಬೆಂಕಿ ಹತ್ತುವ ಸಂಭವವುಂಟು. ತಳಭಾಗ ಉಬ್ಬಿದ್ದರೆ, ಕೀಲಿಮಣೆ ಮೇಲೆದ್ದಿದ್ದರೆ, ಸಿಹಿಯಾದ ಅಥವಾ ಸುಟ್ಟ ವಾಸನೆ ಬರುತ್ತಿದ್ದರೆ ಚಾರ್ಜು ಮಾಡುವ ಮಾತೇ ಬೇಡ. ಯಂತ್ರವನ್ನು ಹಾಸಿಗೆ, ಪರದೆಬಟ್ಟೆಗಳಿಂದ ದೂರವಿಟ್ಟು ತಿಳಿದವರ ಕೈಗೆ ಒಪ್ಪಿಸಬೇಕು. ನಮ್ಮ ಯಂತ್ರದಲ್ಲಿ ಅಂಥ ಲಕ್ಷಣವಿರಲಿಲ್ಲ.

ಮುಂದೆ ಅವನು ಹೇಳಿದಂತೆ ಒಂದೊಂದಾಗಿ ಮಾಡುತ್ತ ಹೋದೆವು. ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲವನ್ನೂ ತೆಗೆದು, ಆರಂಭದ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದೆವು. ಒಳಗೆ ಉಳಿದ ವಿದ್ಯುತ್ತು ಇದರಿಂದ ಇಳಿದುಹೋಗುತ್ತದೆ. ಸಿಕ್ಕಿಹಾಕಿಕೊಂಡ ಯಂತ್ರ ಎಷ್ಟೋ ಸಲ ಇಷ್ಟರಿಂದಲೇ ಎಚ್ಚರಗೊಳ್ಳುತ್ತದಂತೆ. ನಮ್ಮದು ಏಳಲಿಲ್ಲ. ಮತ್ತೆ ಚಾರ್ಜರ್ ಜೋಡಿಸಿದಾಗ ಪಕ್ಕದ ಸಣ್ಣ ದೀಪ ಹತ್ತಿತು. ಅಂದರೆ ವಿದ್ಯುತ್ತು ಒಳಗೆ ಹೋಗುತ್ತಿದೆ, ಚಾರ್ಜರು ಕೆಟ್ಟಿಲ್ಲ ಎಂದಾಯಿತು.

ಆಮೇಲೆ ಪರದೆಯ ಪರೀಕ್ಷೆ. ಯಂತ್ರ ನಡೆಯುತ್ತಿದ್ದು ಪರದೆ ಮಾತ್ರ ಕೆಟ್ಟಿರುವುದೂ ಉಂಟು. ಕೋಣೆಯ ದೀಪವಾರಿಸಿ, ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ನೋಡಿದೆವು. ಹಿಂಬದಿಯ ಬೆಳಕು ಮಾತ್ರ ಹೋಗಿದ್ದರೆ ಚಿತ್ರದ ಮಸುಕು ನೆರಳು ಕಾಣಬೇಕು. ಏನೂ ಕಾಣಲಿಲ್ಲ. ಎಚ್‌ಡಿಎಂಐ ವಾಯರಿನಿಂದ ಟಿ.ವಿ.ಗೆ ಜೋಡಿಸಿದೆವು, ಅಲ್ಲಿಯೂ ಚಿತ್ರವಿಲ್ಲ. ಕ್ಯಾಪ್ಸ್‌ಲಾಕ್ ಕೀಲಿ ಒತ್ತಿದರೆ ಅದರ ದೀಪವೂ ಹತ್ತಲಿಲ್ಲ. ದೋಷ ಪರದೆಯದಲ್ಲ, ಇನ್ನೂ ಒಳಗಿನದು ಎಂಬುದು ಖಚಿತವಾಯಿತು.

ಕೊನೆಗೆ ಅವನೇ ಕೇಳಿದ: “ಒಳಗ ಇರೋದು ಹಾರ್ಡ್‌ಡಿಸ್ಕೋ, ಎಸ್‌ಎಸ್‌ಡಿಯೋ?” ಖರೀದಿಯ ಚೀಟಿ ಹುಡುಕಿ ನೋಡಿದೆವು, ಎಸ್‌ಎಸ್‌ಡಿ ಎಂದಿತ್ತು. “ಹಂಗಾದ್ರ ಕಾಕಾ, ಅಜ್ಜಾರ ಮಾತು ಎಲ್ಲೂ ಹೋಗಿರಾಂಗಿಲ್ಲ. ಸುಮ್ಮ ಮಲಕೊಳ್ರಿ,” ಎಂದ.

ಅವನ ಮಾತಿನ ಹಿಂದಿನ ಕಾರಣವನ್ನು ಓದುಗರೂ ತಿಳಿದಿರಬೇಕು. ಹಳೆಯ ಮಾದರಿಯ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಮುಳ್ಳು ಆ ತಟ್ಟೆಗೆ ತಾಗದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ನಡೆಯುತ್ತಿರುವಾಗ ಬಿದ್ದರೆ ಮುಳ್ಳು ತಟ್ಟೆಗೆ ಬಡಿದು ಗೀರು ಬೀಳಬಹುದು. ಅಂಥ ಡಿಸ್ಕು ಟಕ್‌ಟಕ್ ಎಂದು ಸದ್ದು ಮಾಡಿದರೆ ಮತ್ತೆ ಮತ್ತೆ ಚಾಲೂ ಮಾಡುವುದು ಗಾಯವನ್ನು ಕೆದಕಿದಂತೆ. ಎಸ್‌ಎಸ್‌ಡಿಯಲ್ಲಾದರೋ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪುಗಳಲ್ಲಿ ಇರುತ್ತದೆ. ಬಿದ್ದ ಪೆಟ್ಟಿಗೆ ಯಂತ್ರ ಸತ್ತರೂ ಒಳಗಿನ ಮಾಹಿತಿ ಸಾಮಾನ್ಯವಾಗಿ ಬದುಕಿರುತ್ತದೆ.

ಸೋಮವಾರ ನಗರದ ಒಂದು ಅಂಗಡಿಗೆ ಒಯ್ದೆವು. ಲ್ಯಾಪ್‌ಟಾಪ್ ಕೊಂಡದ್ದು ಬೆಂಗಳೂರಿನಲ್ಲಿ. ಅದರ ವಾರಂಟಿ ಭಾರತಕ್ಕೆ ಮಾತ್ರ. ಇಲ್ಲಿಯದೇ ಆಗಿದ್ದರೂ ಬಿದ್ದು ಆದ ಹಾನಿಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಬೇಕಾದೀತು ಎಂದರು. ಅದರ ಬೆಲೆ ಹೊಸ ಯಂತ್ರದ ಅರ್ಧಕ್ಕಿಂತ ಹೆಚ್ಚು. ಅದಕ್ಕೂ ಮಿಗಿಲಾಗಿ, ಒಳಗಿನ ಮಾಹಿತಿ ಅಳಿಸಿಹೋದರೆ ತಾವು ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಕೇಳಿದರು. ನಾವು ಸಹಿ ಹಾಕದೆ ಯಂತ್ರವನ್ನು ಹಿಂದಕ್ಕೆ ತಂದೆವು. ಊರಿಗೆ ಹೋಗುವ ಸ್ನೇಹಿತರ ಕೈಯಲ್ಲಿ ಕಳಿಸೋಣವೆಂದರೆ ಅದೂ ಸರಿಯಲ್ಲ. ಪೆಟ್ಟು ತಿಂದು ಅಪಾಯಕಾರಿಯಾಗಿರಬಹುದಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವುದಕ್ಕೆ ನಿಷೇಧವಿದೆ.

ಆಗ ನೆರೆಮನೆಯ ಡಚ್ ಹಿರಿಯಾಕೆಯೊಬ್ಬರು ಬಡಾವಣೆಯ ಸಮುದಾಯ ಭವನದಲ್ಲಿ ಶನಿವಾರ ನಡೆಯುವ ‘ರಿಪೇರ್ ಕೆಫೆ’ಗೆ ಹೋಗಿರೆಂದು ತಿಳಿಸಿದರು. ಹೆಸರು ಕೇಳಿ ಚಹದ ಅಂಗಡಿ ಇರಬೇಕೆಂದುಕೊಂಡೆವು. ಚಹವೂ ಇತ್ತು, ಆದರೆ ಮುಖ್ಯ ಕೆಲಸ ಬೇರೆ. 2009ರ ಅಕ್ಟೋಬರಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಆಮ್‌ಸ್ಟರ್‌ಡ್ಯಾಂ ನಗರದಲ್ಲಿ ಇದನ್ನು ಮೊದಲು ನಡೆಸಿದರು. ಕೆಟ್ಟ ವಸ್ತುವನ್ನು ಎಸೆಯಬಾರದು. ಬಲ್ಲವರು ಸೇವೆಯೆಂದು ಬಂದು ಕೂತು, ತಂದವರ ಜೊತೆಗೂಡಿ ಅದನ್ನು ಸರಿಪಡಿಸಬೇಕು. ಇದೇ ಅದರ ನಿಯಮ. ಈಗ ಅನೇಕ ದೇಶಗಳಲ್ಲಿ ಇಂಥ ಕೆಫೆಗಳಿವೆ. ಕೂಲಿ ಕೇಳುವುದಿಲ್ಲ. ಇಷ್ಟವಿದ್ದವರು ಡಬ್ಬಿಯಲ್ಲಿ ಕಾಣಿಕೆ ಹಾಕಬಹುದು.

ಶನಿವಾರ ನಾವು ಹೋದಾಗ ಉದ್ದನೆಯ ಮೇಜುಗಳ ಸುತ್ತ ಜನ ಕೂತಿದ್ದರು. ಒಬ್ಬರು ಹೊಲಿಗೆಯಂತ್ರದಲ್ಲಿ ಹರಿದ ಜಾಕೆಟ್ ಹೊಲಿಯುತ್ತಿದ್ದರು, ಇನ್ನೊಬ್ಬರು ಕಾಫಿಯಂತ್ರ ಬಿಚ್ಚಿ ಹರವಿಕೊಂಡಿದ್ದರು. ನಮ್ಮ ಪಾಲಿಗೆ ಬಂದವರು ಎಪ್ಪತ್ತು ದಾಟಿದ ನಿವೃತ್ತ ಎಂಜಿನಿಯರರು. ಅವರು ಯಂತ್ರದ ಬೆಲೆಯನ್ನಾಗಲಿ ವಯಸ್ಸನ್ನಾಗಲಿ ವಿಚಾರಿಸಲಿಲ್ಲ. “ಇದರೊಳಗೆ ನಿಮಗೆ ಬೇಕಾದದ್ದು ಏನಿದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಂದೆಯವರ ಧ್ವನಿ ಎಂದೆವು. ಅವರು ಕ್ಷಣಹೊತ್ತು ಸುಮ್ಮನಿದ್ದು, “ಹಾಗಾದರೆ ಮೊದಲು ಅದನ್ನು ಹೊರಗೆ ತೆಗೆಯೋಣ, ಯಂತ್ರದ ಮಾತು ಆಮೇಲೆ,” ಎಂದು ಕನ್ನಡಕ ಹಾಕಿಕೊಂಡರು.

ಹಿಂದಿನ ತಿರುಪುಗಳನ್ನು ಬಿಚ್ಚಿ, ಯಾವ ತಿರುಪು ಎಲ್ಲಿಯದು ಎಂದು ಗುರುತಿರುವಂತೆ ಕಾಗದದ ಮೇಲೆ ಸಾಲಾಗಿ ಇಟ್ಟರು. ಮೈಯ ಸ್ಥಿರವಿದ್ಯುತ್ತು ಚಿಪ್ಪಿಗೆ ತಾಗದಂತೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಎಲ್ಲಕ್ಕೂ ಮೊದಲು ಬ್ಯಾಟರಿಯ ಜೋಡಣೆ ಬಿಡಿಸಿದರು. ಅಂಗೈ ಅಗಲವೂ ಇಲ್ಲದ, ಉದ್ದನೆಯ ಒಂದು ಪಟ್ಟಿಯನ್ನು ಹೊರತೆಗೆದು ನಮ್ಮ ಕೈಯಲ್ಲಿಟ್ಟರು. ಅದೇ ಎಸ್‌ಎಸ್‌ಡಿ. ಅದರ ತೂಕ ಒಂದು ಬೆಂಡೆಕಾಯಿಯಷ್ಟೂ ಇರಲಿಲ್ಲ.

ಅದನ್ನು ಸಣ್ಣ ಯುಎಸ್‌ಬಿ ಪೆಟ್ಟಿಗೆಯೊಳಗೆ ಕೂರಿಸಿ ತಮ್ಮ ಗಣಕಕ್ಕೆ ಜೋಡಿಸಿದರು. ಇಂಥ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಆಮೇಲೆ ನಾವೂ ಸುಮಾರು 20 ಯೂರೋ ಕೊಟ್ಟು ಒಂದನ್ನು ಕೊಂಡೆವು. ಡಿಸ್ಕು ಕಾಣಿಸಿತು, ಆದರೆ ತೆರೆಯಲಿಲ್ಲ. ಪರದೆಯ ಮೇಲೆ 48 ಅಂಕಿಗಳ ಕೀಲಿಸಂಖ್ಯೆ ಕೇಳಿತು. ವಿಂಡೋಸ್ ಇರುವ ಈಚಿನ ಎಷ್ಟೋ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಕಳ್ಳರ ಕೈಗೆ ಸಿಕ್ಕಿದರೆ ಮಾಹಿತಿ ದಕ್ಕದಿರಲೆಂದು ಮಾಡಿದ ವ್ಯವಸ್ಥೆ ಅದು. ಆ ಸಂಖ್ಯೆ ಇಲ್ಲದಿದ್ದರೆ ಎಂಥ ಪರಿಣತರಿಗೂ ಡಿಸ್ಕು ತೆರೆಯುವುದು ಅಸಾಧ್ಯವೆಂದೇ ಹೇಳಬೇಕು. ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ಉಳಿದಿರುತ್ತದೆ ಎಂದು ಅವರು ಹೇಳಿದರು. ಮೊಬೈಲಿನಿಂದ ಖಾತೆ ತೆರೆದು ನೋಡಿದೆವು; ಸಂಖ್ಯೆ ಅಲ್ಲಿತ್ತು. ನಮ್ಮಲ್ಲಿ ಒಬ್ಬರು ಆರಾರು ಅಂಕಿಗಳಂತೆ ಓದಿದೆವು, ಮತ್ತೊಬ್ಬರು ಅವರ ಪಕ್ಕ ನಿಂತು ತಾಳೆ ನೋಡಿದೆವು.

ಡಿಸ್ಕು ತೆರೆಯಿತು. ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ಅವರು ಒಂದು ಕಡತವನ್ನು ಹಚ್ಚಿದರು. ಹೊರಗೆ ತಣ್ಣನೆಯ ಮಳೆ ಹನಿಯುತ್ತಿದ್ದ ಆ ಪರಕೀಯ ಭವನದಲ್ಲಿ, ಹೊಲಿಗೆಯಂತ್ರದ ಸದ್ದಿನ ನಡುವೆ, ನಮ್ಮ ತಂದೆಯವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಮಾತು ಆರಂಭಿಸಿದರು. ನಮ್ಮ ಕಣ್ಣು ತುಂಬಿದವು. ಒಂದಕ್ಷರವೂ ಅರ್ಥವಾಗದ ಆ ಡಚ್ ಹಿರಿಯರು ಮಾತ್ರ ಕೊನೆಯವರೆಗೂ ತಲೆದೂಗುತ್ತ ಕೇಳಿದರು.

ಬಳಿಕ ಯಂತ್ರದ ಪರೀಕ್ಷೆಯೂ ಆಯಿತು. ಪೆಟ್ಟಿಗೆ ರ್ಯಾಮ್ ಸಡಿಲಾಗಿದ್ದರೆ ಹೀಗೆ ಪಂಖ ತಿರುಗಿ ನಿಲ್ಲುವುದುಂಟು ಎಂದು ಅದನ್ನು ತೆಗೆದು ಮತ್ತೆ ಕೂರಿಸಿದರು, ಬೇರೆಯದನ್ನೂ ಹಾಕಿ ನೋಡಿದರು. ಫಲವಾಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಚಾರ್ಜರ್ ಸೇರುವ ಮೂಲೆಯ ಹತ್ತಿರ ಮದರ್‌ಬೋರ್ಡು ಸಣ್ಣಗೆ ಬಿರಿದಿತ್ತು. ಅದು ಮತ್ತೆ ಏಳಲಿಲ್ಲ. ಅದರ ರ್ಯಾಮನ್ನು ಬೇರೆಯವರ ಉಪಯೋಗಕ್ಕೆಂದು ಅವರ ಡಬ್ಬಿಗೇ ಬಿಟ್ಟುಬಂದೆವು.

ಈ ಅನುಭವದಿಂದ ಮನೆಮನೆಯಲ್ಲಿ ಮಾಡಬೇಕಾದ ಕೆಲವು ಸಂಗತಿಗಳು ಸ್ಪಷ್ಟವಾದವು. ಮುಖ್ಯವಾದದ್ದಕ್ಕೆ 3 ಪ್ರತಿಗಳಿರಬೇಕು. ಅವು 2 ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ 1 ಬೇರೆ ಊರಿನಲ್ಲಿರಬೇಕು. ಬಲ್ಲವರು ಇದನ್ನು 3-2-1ರ ನಿಯಮ ಎನ್ನುತ್ತಾರೆ. ಹೊರದೇಶದಲ್ಲಿರುವವರಿಗೂ ಊರಿನಲ್ಲಿರುವ ಹಿರಿಯರಿಗೂ ಇದು ಸಮಾನವಾಗಿ ಹಿತ. ವರ್ಷಕ್ಕೊಮ್ಮೆ ಆ ಪ್ರತಿಗಳನ್ನು ತೆರೆದು, ನಡೆಯುತ್ತವೆಯೋ ಇಲ್ಲವೋ ನೋಡಬೇಕು. ಆ 48 ಅಂಕಿಗಳ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟಿರಬೇಕು. ಊರಿನಿಂದ ಕೊಂಡೊಯ್ಯುವ ಯಂತ್ರದ ವಾರಂಟಿ ಹೊರದೇಶದಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ತಂದೆಯವರ ಮಾತು ಈಗ ಐಂಡ್‌ಹೋವೆನ್, ಹುಬ್ಬಳ್ಳಿ, ಶಿವಮೊಗ್ಗ ಈ ಮೂರು ಊರುಗಳಲ್ಲಿದೆ. ಹುಬ್ಬಳ್ಳಿಯ ಹುಡುಗ ಅದನ್ನು ಕೇಳಿ, ತನಗೆ ಗೊತ್ತೇ ಇರದಿದ್ದ ಇಬ್ಬರು ಸೋದರತ್ತೆಯರ ಮನೆಗಳನ್ನು ಹುಡುಕಿಕೊಂಡು ಹೋಗಿ ಬಂದನಂತೆ. ಇದನ್ನು ಓದುತ್ತಿರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಬರುವ ರಜೆಯಲ್ಲಿ ಅವರ ಪಕ್ಕ ಒಂದು ಗಳಿಗೆ ಕುಳಿತುಕೊಳ್ಳಿರಿ, ಹೊಲದ ಹೆಸರು ಕೇಳಿರಿ, ನೆಂಟರ ಹೆಸರು ಕೇಳಿರಿ. ಅವರ ಮಾತನ್ನು ಮುದ್ರಿಸಿಕೊಂಡ ದಿನವೇ ಅದರ ಪ್ರತಿಗಳನ್ನು ಮಾಡಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳಿಗೆ ಹಂಚಿರಿ.